ಬಣ್ಣ ಹಚ್ಚದೆ ಕಾಣುವ ಬೆಳಕು

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ದೀಪಗಳು ಪ್ರಖರವಾಗಿ ಬೆಳಗುತ್ತಿವೆ. ಮೇಜಿನ ಮೇಲೆ ರೋಗಿ ಅರಿವಳಿಕೆಯ ನಿದ್ರೆಯಲ್ಲಿ ಮಲಗಿದ್ದಾನೆ. ತಲೆಬುರುಡೆಯ ಒಂದು ಪಾರ್ಶ್ವವನ್ನು ಕಿಟಕಿಯಂತೆ ತೆರೆದಿದ್ದಾರೆ. ಒಳಗೆ ಮಿದುಳು ಹೃದಯದ ಬಡಿತಕ್ಕೆ ಸರಿಯಾಗಿ ಮೆಲ್ಲಮೆಲ್ಲನೆ ಮಿಡಿಯುತ್ತಿದೆ. ಶಸ್ತ್ರವೈದ್ಯರು ಅಲ್ಲಿದ್ದ ಗಡ್ಡೆಯಿಂದ ಅಕ್ಕಿಕಾಳಿನಷ್ಟು ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದ್ದಾರೆ. ಈಗ ಅವರ ಕೈಗೆ ಕೆಲಸವಿಲ್ಲ. ಅವರು ಕಾಯುತ್ತಿದ್ದಾರೆ.

ಮುಂದಿನ ಹೆಜ್ಜೆಯೆಲ್ಲ ಆ ಚೂರು ಹೇಳಲಿರುವ ಮಾತನ್ನೇ ಅವಲಂಬಿಸಿದೆ. ಗಡ್ಡೆಯು ಮಿದುಳಿನ ಸ್ವಂತ ಜೀವಕೋಶಗಳಿಂದಲೇ ಹುಟ್ಟಿ ಹಬ್ಬಿದ್ದಾದರೆ ಸಾಧ್ಯವಾದಷ್ಟನ್ನೂ ತೆಗೆದುಹಾಕುವುದು ಲೇಸು. ಲಿಂಫೋಮ ಎಂಬ ಬಗೆಯದಾದರೆ ಶಸ್ತ್ರದ ಕೆಲಸ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಅದಕ್ಕೆ ಔಷಧವೂ ವಿಕಿರಣವೂ ತಕ್ಕ ಮದ್ದು. ಇನ್ನು ಗಡ್ಡೆಯ ಅಂಚು ಎಲ್ಲಿ ಮುಗಿದು ಆರೋಗ್ಯವಂತ ಮಿದುಳು ಎಲ್ಲಿ ಮೊದಲಾಗುತ್ತದೆ ಎಂಬುದು ಬರಿಗಣ್ಣಿಗೆ ತಿಳಿಯುವ ಸಂಗತಿಯಲ್ಲ. ಕಡಿಮೆ ತೆಗೆದರೆ ರೋಗ ಮರಳಿ ಬೆಳೆದೀತು. ಹೆಚ್ಚು ತೆಗೆದರೆ ರೋಗಿಯ ಮಾತು ಹೋದೀತು, ಕೈ ಬಿದ್ದುಹೋದೀತು. ಎರಡು ಅನರ್ಥಗಳ ನಡುವಿನ ಗೆರೆ ಕೂದಲೆಳೆಯಷ್ಟು ಸಣ್ಣದು.

ಆ ಗೆರೆಯನ್ನು ತೋರಿಸಬಲ್ಲ ಬೆಳಕೊಂದನ್ನು ರೂಪಿಸಲು ವಿಜ್ಞಾನಕ್ಕೆ ಸುಮಾರು ತೊಂಬತ್ತು ವರ್ಷ ಹಿಡಿಯಿತು. ಆ ಕಥೆಯ ಮೊದಲ ಅಧ್ಯಾಯ ನಡೆದುದು ಕಲ್ಕತ್ತೆಯಲ್ಲಿ.

ಬಣ್ಣವೆಂಬ ಊರುಗೋಲು

ರೋಗಿಯಿಂದ ತೆಗೆದ ಚೂರನ್ನು ಹೆಪ್ಪುಗಟ್ಟಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಡಿ ನೋಡುವ ಕ್ರಮವನ್ನು ಅಮೆರಿಕದ ಮೇಯೊ ಚಿಕಿತ್ಸಾಲಯದ ಲೂಯಿ ವಿಲ್ಸನ್ ೧೯೦೫ರಲ್ಲಿ ಬಳಕೆಗೆ ತಂದರು. ಇಂದಿಗೂ ಲೋಕದ ಆಸ್ಪತ್ರೆಗಳಲ್ಲಿ ನಡೆದುಬಂದಿರುವುದು ಬಹುಮಟ್ಟಿಗೆ ಅದೇ ಪದ್ಧತಿ. ಚೂರು ಪ್ರಯೋಗಶಾಲೆಗೆ ಹೋಗಿ ಉತ್ತರ ಹಿಂದಿರುಗುವ ಹೊತ್ತಿಗೆ ಇಪ್ಪತ್ತು ಮೂವತ್ತು ನಿಮಿಷ ಕಳೆದಿರುತ್ತದೆ. ತೆರೆದ ತಲೆಯ ಮುಂದೆ ನಿಂತವರಿಗೆ ಅದು ದೀರ್ಘಕಾಲವೇ ಸರಿ. ಮೃದುವಾದ ಮಿದುಳಿನ ಚೂರು ಹೆಪ್ಪುಗಟ್ಟುವಾಗ ಒಳಗಿನ ನೀರು ಹರಳಾಗಿ ಜೀವಕೋಶಗಳ ಆಕಾರವೇ ಕೆಡುವುದೂ ಉಂಟು.

ಬಣ್ಣವನ್ನಾದರೂ ಏಕೆ ಹಚ್ಚಬೇಕು? ಜೀವಕೋಶಗಳು ಬಹುಮಟ್ಟಿಗೆ ಪಾರದರ್ಶಕ. ನೀರಿನಲ್ಲಿ ಬಿದ್ದ ಗಾಜಿನ ಚೂರಿನಂತೆ ಅವು ಇದ್ದೂ ಕಾಣವು. ಮಧ್ಯ ಅಮೆರಿಕದ ಮರವೊಂದರ ಚೇಗಿನಿಂದ ತೆಗೆದ ಹೆಮಟಾಕ್ಸಿಲಿನ್ ಎಂಬ ದ್ರವ್ಯ ಜೀವಕೋಶದ ಕೇಂದ್ರಕ್ಕೆ ನೀಲಿಗಪ್ಪು ಬಣ್ಣವನ್ನು ಕೊಡುತ್ತದೆ. ಇಯೋಸಿನ್ ಎಂಬುದು ಉಳಿದ ಭಾಗಕ್ಕೆ ಗುಲಾಬಿಯನ್ನು ಬಳಿಯುತ್ತದೆ. ಪೆಥಾಲಜಿ ತಜ್ಞರು ನೂರಕ್ಕೂ ಮಿಕ್ಕ ವರ್ಷಗಳ ಪರಂಪರೆಯಿಂದ ಕಲಿತ ಲಿಪಿ ಇದು. ಈಚಿನ ದಶಕಗಳಲ್ಲಿ ಮಿನುಗುವ ಪ್ರೋಟೀನುಗಳನ್ನೂ ಬಣ್ಣದ ಅಣುಗಳನ್ನೂ ಗುರುತಿನ ಚೀಟಿಯಂತೆ ಅಂಟಿಸಿ, ಜೀವಂತ ಕೋಶದೊಳಗೆ ಯಾವುದು ಎಲ್ಲಿದೆಯೆಂದು ನೋಡುವ ವಿದ್ಯೆಯೂ ಬಹಳ ಮುಂದುವರಿದಿದೆ.

ಆದರೆ ಊರುಗೋಲಿಗೆ ತನ್ನದೇ ಭಾರವುಂಟು. ಬಣ್ಣ ಹಿಡಿಯಲು ಹೊತ್ತು ಬೇಕು. ಹಲವು ಬಣ್ಣಗಳು ಕೋಶವನ್ನು ಕೊಂದಲ್ಲದೆ ಒಳಹೊಗವು. ಕೊಬ್ಬಿನ ಅಣು, ಔಷಧದ ಅಣು ಮೊದಲಾದ ಸಣ್ಣ ವಸ್ತುಗಳ ಪಾಡಂತೂ ಹೇಳತೀರದು. ಅವುಗಳಿಗೆ ಮಿನುಗುವ ಚೀಟಿ ಅಂಟಿಸುವುದೆಂದರೆ ಮೇಕೆಮರಿಯ ಬೆನ್ನಿಗೆ ಅಂಬಾರಿ ಕಟ್ಟಿದಂತೆ. ಆಮೇಲೆ ಅದು ನಡೆವ ದಾರಿ ಅದರ ಸಹಜವಾದ ದಾರಿಯಾಗಿ ಉಳಿದೀತೆ? ಹೊರಗಿನಿಂದ ಏನನ್ನೂ ಹಚ್ಚದೆ, ಅಂಟಿಸದೆ, ಅಣುವೇ ತನ್ನ ಹೆಸರನ್ನು ಹೇಳುವಂತೆ ಮಾಡಲು ಸಾಧ್ಯವೆ ಎಂಬುದು ಪ್ರಶ್ನೆ.

ಅಣುವಿನ ಸ್ವರ

ಪ್ರತಿಯೊಂದು ಅಣುವೂ ಪರಮಾಣುಗಳೆಂಬ ಗುಂಡುಗಳನ್ನು ಅದೃಶ್ಯವಾದ ಸುರುಳಿತಂತಿಗಳಿಂದ ಕಟ್ಟಿದ ಆಟಿಕೆಯಂತಿದೆ. ಅದು ಸದಾ ಕಂಪಿಸುತ್ತಿರುತ್ತದೆ. ಗುಂಡಿನ ತೂಕಕ್ಕೂ ತಂತಿಯ ಬಿಗಿಗೂ ತಕ್ಕಂತೆ ಆ ಕಂಪನಕ್ಕೆ ಗೊತ್ತಾದ ವೇಗವಿದೆ. ಕೊಬ್ಬಿನ ಅಣುಗಳಲ್ಲಿ ಹೇರಳವಾಗಿರುವ, ಒಂದು ಇಂಗಾಲಕ್ಕೆ ಎರಡು ಜಲಜನಕಗಳು ಅಂಟಿದ ಕಟ್ಟು ಸೆಕೆಂಡಿಗೆ ಸುಮಾರು ೮೫ ಲಕ್ಷ ಕೋಟಿ ಸಲ ಕಂಪಿಸುತ್ತದೆ. ಪ್ರೋಟೀನುಗಳಲ್ಲಿ ಎದ್ದು ಕಾಣುವ, ಮೂರು ಜಲಜನಕಗಳ ಕಟ್ಟಿನದು ಸುಮಾರು ೮೮ ಲಕ್ಷ ಕೋಟಿ. ವ್ಯತ್ಯಾಸ ಅಲ್ಪ, ಆದರೂ ಷಡ್ಜಕ್ಕೂ ರಿಷಭಕ್ಕೂ ಇರುವ ಭೇದದಂತೆ ಅದು ಸ್ಪಷ್ಟವಾದದ್ದು. ಈ ಸ್ವರವನ್ನು ಕೇಳಿಸಿಕೊಳ್ಳಬಲ್ಲ ಕಿವಿಯಿದ್ದರೆ ಅಣುವಿಗೆ ಬೇರೆ ಗುರುತಿನ ಚೀಟಿಯ ಆವಶ್ಯಕತೆಯಿಲ್ಲ.

ಆ ಕಿವಿಯನ್ನು ಲೋಕಕ್ಕೆ ಕೊಟ್ಟವರು ಚಂದ್ರಶೇಖರ ವೆಂಕಟರಾಮನ್. ಮೃದಂಗದ ನಾದದಲ್ಲಿ ಸುಸ್ವರ ಹುಟ್ಟುವ ರಹಸ್ಯವನ್ನು ೧೯೨೦ರಲ್ಲಿ ಪ್ರಕಟಿಸಿದ್ದ ಅವರು, ಮರುವರ್ಷ ಇಂಗ್ಲೆಂಡಿನಿಂದ ಹಿಂದಿರುಗುವ ಹಡಗಿನ ಅಟ್ಟದಲ್ಲಿ ನಿಂತು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಅದರ ಕಾರಣವನ್ನು ಚಿಂತಿಸತೊಡಗಿದರು. ಆ ಚಿಂತನೆ ಏಳು ವರ್ಷ ಬೆಳೆಯಿತು. ಕಲ್ಕತ್ತೆಯ ಬೌಬಜಾರಿನಲ್ಲಿದ್ದ ಭಾರತೀಯ ವಿಜ್ಞಾನ ಸಂವರ್ಧನ ಸಂಸ್ಥೆಯಲ್ಲಿ ಅವರೂ ಶಿಷ್ಯರಾದ ಕೆ. ಎಸ್. ಕೃಷ್ಣನ್ ಅವರೂ ಬಿಸಿಲನ್ನು ದೂರದರ್ಶಕದ ಮಸೂರದಿಂದ ಒಟ್ಟುಗೂಡಿಸಿ, ನೇರಿಳೆ ಗಾಜಿನ ಮೂಲಕ ಸೋಸಿ, ಶುದ್ಧೀಕರಿಸಿದ ದ್ರವಗಳೊಳಗೆ ಹಾಯಿಸಿದರು. ಚದರಿ ಬಂದ ಬೆಳಕಿನಲ್ಲಿ, ಒಳಹೊಕ್ಕ ಬಣ್ಣವಲ್ಲದೆ ಹೊಸದಾದ ಇನ್ನೊಂದು ಬಣ್ಣವೂ ಅತಿ ಮಂದವಾಗಿ ಬೆರೆತಿತ್ತು. ಸುಮಾರು ಅರವತ್ತು ದ್ರವಗಳಲ್ಲಿ ಅವರು ಇದನ್ನೇ ಕಂಡರು. ೧೯೨೮ರ ಫೆಬ್ರವರಿ ೨೮ ಈ ಶೋಧದ ದಿನವೆಂದು ಪ್ರಸಿದ್ಧವಾಗಿದೆ. ಹದಿನೇಳು ದಿನಗಳ ಬಳಿಕ, ಮಾರ್ಚ್ ೧೬ರಂದು, ರಾಮನ್ ಅವರು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಹೊಸ ವಿಕಿರಣವನ್ನು ಕುರಿತು ವಿವರವಾದ ಉಪನ್ಯಾಸವನ್ನು ಕೊಟ್ಟುದು ಬೆಂಗಳೂರಿನಲ್ಲಿ. ೧೯೩೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ೧೯೩೩ರಲ್ಲಿ ಅವರು ಬೆಂಗಳೂರಿಗೇ ಬಂದು ನೆಲೆಸಿದರು.

ನಡೆಯುವುದು ಇಷ್ಟು. ಬೆಳಕು ಅಣುವನ್ನು ತಾಕಿದಾಗ ಬಹುಪಾಲು ಬಂದ ಬಣ್ಣದಲ್ಲೇ ಚದರಿಹೋಗುತ್ತದೆ. ಎಲ್ಲೋ ಒಂದು ಕಣ ಮಾತ್ರ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿನ ಕಂಪನಕ್ಕೆ ಕಪ್ಪವಾಗಿ ಸಲ್ಲಿಸಿ, ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಎಷ್ಟು ಶಕ್ತಿ ಕಳೆಯಿತೆಂಬುದನ್ನು ಅಳೆದರೆ ಅಣುವಿನ ಸ್ವರ ತಿಳಿಯುತ್ತದೆ. ಸ್ವರ ತಿಳಿದರೆ ಹೆಸರು ತಿಳಿಯುತ್ತದೆ.

ಇಲ್ಲಿಯೇ ಒಂದು ತೊಡಕು. ಹೀಗೆ ಕಪ್ಪ ಸಲ್ಲಿಸಿ ಬರುವುದು, ಚದರಿದ ಕಣಗಳಲ್ಲಿ ಸುಮಾರು ಕೋಟಿಗೊಂದು. ಅಂದಿನ ವಿಜ್ಞಾನಿಗಳು ಪಾದರಸದ ದೀಪವನ್ನು ಹೊತ್ತಿಸಿ, ಛಾಯಾಫಲಕವನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತೆರೆದಿಟ್ಟು ಕಾಯುತ್ತಿದ್ದರು. ಒಂದು ಸೀಸೆಯ ದ್ರವಕ್ಕೆ ಅಷ್ಟು ಹೊತ್ತು ಹಿಡಿದರೆ, ಚಿತ್ರವೊಂದರ ಲಕ್ಷಾಂತರ ಬಿಂದುಗಳಲ್ಲಿ ಒಂದೊಂದನ್ನೂ ಹೀಗೆ ಅಳೆಯುವ ಮಾತೆಲ್ಲಿ ಬಂತು? ಅಣು ತನ್ನ ಹೆಸರನ್ನು ಹೇಳುತ್ತಿತ್ತು. ಆದರೆ ಪಿಸುಮಾತಿನಲ್ಲಿ ಹೇಳುತ್ತಿತ್ತು.

ಎರಡು ಬಣ್ಣಗಳ ಜೊತೆನಡಿಗೆ

೧೯೬೦ರ ಮೇ ೧೬ರಂದು ಕ್ಯಾಲಿಫೋರ್ನಿಯದ ಹ್ಯೂಸ್ ಪ್ರಯೋಗಶಾಲೆಯಲ್ಲಿ ಥಿಯೊಡೋರ್ ಮೇಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲ ಲೇಸರ್ ಬೆಳಕನ್ನು ಹೊರಡಿಸಿದರು. ದೀಪದ ಬೆಳಕು ಜಾತ್ರೆಯ ಜನದಂತೆ ದಿಕ್ಕುದಿಕ್ಕಿಗೆ ಹರಿಯುವುದಾದರೆ, ಲೇಸರ್ ಬೆಳಕು ಹೆಜ್ಜೆ ಕೂಡಿಸಿ ನಡೆವ ಸೈನ್ಯದಂತೆ ಒಂದೇ ಬಣ್ಣದಲ್ಲಿ, ಒಂದೇ ದಿಕ್ಕಿನಲ್ಲಿ ಹೊರಡುತ್ತದೆ.

ಎರಡು ವರ್ಷಗಳ ಬಳಿಕ ಅದೇ ಸಂಸ್ಥೆಯಲ್ಲಿ ಒಂದು ಸೋಜಿಗ ನಡೆಯಿತು. ವುಡ್‌ಬರಿ ಮತ್ತು ಅವರ ಸಹೋದ್ಯೋಗಿ, ಮಾಣಿಕ್ಯದ ಲೇಸರಿನ ಮಿಡಿತವನ್ನು ನಿಯಂತ್ರಿಸಲು ನೈಟ್ರೊಬೆಂಜೀನ್ ಎಂಬ ದ್ರವದ ಕೋಶವನ್ನು ಅದರ ದಾರಿಯಲ್ಲಿಟ್ಟಿದ್ದರು. ಹೊರಬಂದ ಕೆಂಪು ಬೆಳಕಿನೊಡನೆ, ಕೆಂಪಿನಾಚೆಗೆ ಸರಿದ, ಯಾರೂ ನಿರೀಕ್ಷಿಸದ ಇನ್ನೊಂದು ಪ್ರಬಲ ಕಿರಣವೂ ಕಾಣಿಸಿಕೊಂಡಿತು. ಅದು ರಾಮನ್ ಕಿರಣವೇ ಆಗಿತ್ತು. ಆದರೆ ಈ ಸಲ ಪಿಸುಮಾತಿನಂತಲ್ಲ, ಕಹಳೆಯಂತೆ ಮೊಳಗಿತ್ತು.

ಕಾರಣವನ್ನು ಉಯ್ಯಾಲೆಯಿಂದ ತಿಳಿಯಬಹುದು. ಉಯ್ಯಾಲೆಯನ್ನು ಮನಬಂದಂತೆ ನೂಕಿದರೆ ಅದು ಅಷ್ಟಿಷ್ಟು ಅಲುಗಾಡೀತು. ಅದು ಬಂದು ಹೋಗುವ ಹೊತ್ತಿಗೆ ಸರಿಯಾಗಿ ನೂಕಿದರೆ ಮಗುವಿನ ಕೈಯೂ ಅದನ್ನು ಮರದ ಕೊಂಬೆಯೆತ್ತರಕ್ಕೆ ಏರಿಸೀತು. ಎರಡು ಬಣ್ಣದ ಲೇಸರ್ ಕಿರಣಗಳನ್ನು ಒಂದೇ ತಾಣಕ್ಕೆ ಬಿಟ್ಟರೆ, ಶ್ರುತಿ ಸ್ವಲ್ಪ ತಪ್ಪಿದ ಎರಡು ತಂಬೂರಿ ತಂತಿಗಳ ನಾದ ಒಂದರ ಮೇಲೊಂದು ಬಿದ್ದು ಅಲೆಯಲೆಯಾಗಿ ಕೇಳುವಂತೆ, ಅವೆರಡರ ವೇಗಗಳ ವ್ಯತ್ಯಾಸಕ್ಕೆ ಸಮನಾದ ಒಂದು ತಾಳ ಹುಟ್ಟುತ್ತದೆ. ಆ ತಾಳ ಅಣುವಿನ ಸಹಜ ಕಂಪನಕ್ಕೆ ಸರಿಹೊಂದಿತೋ, ಆ ತಾಣದಲ್ಲಿರುವ ಅಂಥ ಅಣುಗಳೆಲ್ಲ ಒಟ್ಟಾಗಿ ಕುಣಿಯತೊಡಗುತ್ತವೆ. ಒಂದು ಕಿರಣ ಸ್ವಲ್ಪ ಸೊರಗುತ್ತದೆ. ಇನ್ನೊಂದು ಅಷ್ಟೇ ಕೊಬ್ಬುತ್ತದೆ. ಅಣು ತಾನಾಗಿ ಪಿಸುಗುಟ್ಟುವವರೆಗೆ ಕಾದು ಕುಳಿತಿರುವ ಕಾಲ ಮುಗಿದು, ಅದನ್ನು ಅದರ ಸ್ವರದಿಂದಲೇ ಕರೆದು ಮಾತನಾಡಿಸುವ ಕಾಲ ಬಂದಿತು. ಈ ಬೆಳವಣಿಗೆಯ ಆರಂಭದ ದಿನಗಳಲ್ಲಿ ರಾಮನ್ ಅವರು ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಇನ್ನೂ ಸಂಶೋಧನೆಯಲ್ಲಿ ತೊಡಗಿದ್ದರು. ಅವರು ತೀರಿಕೊಂಡುದು ೧೯೭೦ರ ನವೆಂಬರ್ ೨೧ರಂದು.

೧೯೬೫ರಲ್ಲಿ ಫೋರ್ಡ್ ಮೋಟಾರು ಕಂಪನಿಯ ಪ್ರಯೋಗಶಾಲೆಯಲ್ಲಿ ಮೇಕರ್ ಮತ್ತು ಟೆರ್ಹ್ಯೂನ್ ಇನ್ನೊಂದು ಮಾರ್ಗವನ್ನು ತೋರಿಸಿದರು. ಹೀಗೆ ಕುಣಿಯುತ್ತಿರುವ ಅಣುಗಳಿಂದ, ಒಳಹೊಕ್ಕ ಎರಡು ಬಣ್ಣಗಳಿಗಿಂತಲೂ ನೀಲಿಯ ಕಡೆಗಿರುವ ಮೂರನೆಯ ಬಣ್ಣವೊಂದು ಚಿಮ್ಮುತ್ತದೆ. ಅಮೆರಿಕದ ನೌಕಾದಳದ ಸಂಶೋಧನಾಲಯದಲ್ಲಿ ಡಂಕನ್ ಮತ್ತು ಸಂಗಡಿಗರು ೧೯೮೨ರಲ್ಲಿ ಇದನ್ನೇ ಸೂಕ್ಷ್ಮದರ್ಶಕಕ್ಕೆ ಅಳವಡಿಸಿ, ಈರುಳ್ಳಿಯ ತೆಳುಪೊರೆಯ ಕೋಶಗಳ ಚಿತ್ರವನ್ನು ತೆಗೆದರು. ಆದರೆ ಅಂದಿನ ಲೇಸರುಗಳು ಆ ಕೆಲಸಕ್ಕೆ ಸಾಲದಾದವು. ವಿದ್ಯೆ ಹದಿನೇಳು ವರ್ಷ ಮಲಗಿತು. ೧೯೯೯ರಲ್ಲಿ ವಾಷಿಂಗ್‌ಟನ್ ರಾಜ್ಯದ ರಿಚ್‌ಲೆಂಡ್ ನಗರದ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ ಜುಂಬುಷ್, ಹೋಲ್ಟಮ್ ಮತ್ತು ಸನ್ನಿ ಷಿಯೆ ಎಂಬ ಮೂವರು ಎರಡು ಕಿರಣಗಳನ್ನೂ ಒಂದೇ ದಾರಿಯಲ್ಲಿ ನಡೆಸಿ, ಒಂದೇ ಮಸೂರದಿಂದ ಒಂದೇ ಬಿಂದುವಿಗೆ ತಂದು, ಬಣ್ಣ ಸೋಂಕದ ಜೀವಂತ ಕೋಶಗಳನ್ನು ಪದರಪದರವಾಗಿ ಚಿತ್ರಿಸಿ ಅದನ್ನು ಎಬ್ಬಿಸಿದರು.

ಎಂಥ ಬೆಳಕು ಬೇಕು?

ಇಲ್ಲಿಂದ ಮುಂದಿನ ಕಥೆ ಸೂಕ್ಷ್ಮದರ್ಶಕದ್ದಲ್ಲ, ಬೆಳಕಿನದು. ಮಸೂರಗಳು ಮೊದಲೇ ಇದ್ದವು. ತಕ್ಕ ಬೆಳಕನ್ನು ಕಟ್ಟಬೇಕಾಗಿತ್ತು.

ಮೊದಲನೆಯದಾಗಿ, ಆ ಬೆಳಕು ಅಂಗಾಂಶವನ್ನು ಸುಡಬಾರದು. ಆದರೂ ಅಣುಗಳನ್ನು ಕುಣಿಸುವಷ್ಟು ಪ್ರಬಲವಾಗಿರಬೇಕು. ಈ ವಿರೋಧವನ್ನು ಬಿಡಿಸುವ ಉಪಾಯವೆಂದರೆ ಬೆಳಕನ್ನು ಧಾರೆಯಾಗಿ ಸುರಿಯದೆ ಹನಿಹನಿಯಾಗಿ ಬಿಡುವುದು. ಸೆಕೆಂಡಿಗೆ ಎಂಟು ಕೋಟಿ ಮಿಡಿತಗಳು. ಒಂದೊಂದು ಮಿಡಿತವೂ ಸೆಕೆಂಡಿನ ಲಕ್ಷಕೋಟಿಯಲ್ಲಿ ಎರಡು ಭಾಗದಷ್ಟು ಮಾತ್ರ ಬಾಳುವಂಥದು. ಅಷ್ಟು ಹೊತ್ತಿನಲ್ಲಿ ಬೆಳಕು ಸಹ ಒಂದು ಮಿಲಿಮೀಟರನ್ನು ದಾಟಲಾರದು. ಮಿಡಿತದ ಕ್ಷಣದಲ್ಲಿ ಅದರ ಪ್ರಖರತೆ ಸರಾಸರಿಯ ಸಾವಿರಾರು ಪಟ್ಟು; ನಡುವೆಯೆಲ್ಲ ಕತ್ತಲೆ. ಹೀಗಾಗಿ ಅಣು ಕುಣಿಯುತ್ತದೆ, ಕೋಶ ಬೇಯುವುದಿಲ್ಲ. ಬಣ್ಣವೂ ಕೆಂಪಿನಾಚೆಯ, ಕಣ್ಣಿಗೆ ಕಾಣದ ಬಗೆಯದಾದರೆ ಅದು ಅಂಗಾಂಶದೊಳಗೆ ಕಡಿಮೆ ಚದರಿ ಹೆಚ್ಚು ಆಳಕ್ಕೆ ಹೋಗುತ್ತದೆ.

ಹಾಗಾದರೆ ಮಿಡಿತವನ್ನು ಇನ್ನೂ ಕಿರಿದು ಮಾಡಬಾರದೇಕೆ? ವೀಣೆಯ ತಂತಿಯನ್ನು ಮೀಟಿದ ಒಡನೆಯೇ ಬೆರಳಿನಿಂದ ಅದುಮಿದರೆ ಠಪ್ಪೆಂಬ ಸದ್ದು ಬಂದೀತೇ ಹೊರತು ಸ್ವರ ಯಾವುದೆಂದು ತಿಳಿಯದು. ಬೆಳಕಿನ ಮಿಡಿತವೂ ಹಾಗೆಯೇ. ತೀರ ಕಿರಿದಾದರೆ ಅದರ ಬಣ್ಣ ಹರಡಿಹೋಗಿ, ಕೊಬ್ಬನ್ನೂ ಪ್ರೋಟೀನನ್ನೂ ಬೇರೆಬೇರೆಯಾಗಿ ಹೇಳಲಾರದೆ ಹೋಗುತ್ತದೆ.

ಎರಡನೆಯದಾಗಿ, ಎರಡು ಬಣ್ಣಗಳಲ್ಲಿ ಒಂದನ್ನಾದರೂ ಬೇಕಾದಂತೆ ಬದಲಿಸಲು ಬರಬೇಕು. ಬೆಲ್ ಪ್ರಯೋಗಶಾಲೆಯ ಜಿಯೋರ್ಡ್‌ಮೇನ್ ಮತ್ತು ಮಿಲ್ಲರ್ ೧೯೬೫ರಲ್ಲಿ ರೂಪಿಸಿದ ಯುಕ್ತಿ ಇಲ್ಲಿ ನೆರವಿಗೆ ಬಂತು. ತಕ್ಕ ಹರಳೊಂದರಲ್ಲಿ ಬೆಳಕಿನ ಒಂದು ಕಣ ಎರಡು ಕಣಗಳಾಗಿ ಒಡೆಯುತ್ತದೆ. ಇದು ನೋಟಿಗೆ ಚಿಲ್ಲರೆ ತೆಗೆದುಕೊಂಡಂತೆ: ಹತ್ತು ರೂಪಾಯಿಯನ್ನು ಆರು–ನಾಲ್ಕಾಗಿ ಒಡೆಯಬಹುದು, ಏಳು–ಮೂರಾಗಿಯೂ ಒಡೆಯಬಹುದು; ಒಟ್ಟು ಮೊತ್ತ ಮಾತ್ರ ಹತ್ತೇ ಆಗಬೇಕು. ಹರಳಿನ ಶಾಖವನ್ನೋ ಕೋನವನ್ನೋ ಸ್ವಲ್ಪ ಹೊಂದಿಸಿದರೆ ಚಿಲ್ಲರೆಯ ಕ್ರಮ ಬದಲಾಗಿ ಬೇಕಾದ ಬಣ್ಣ ಕೈಗೆ ಬರುತ್ತದೆ. ಒಂದು ಕಿರಣವನ್ನು ೧೦೬೪ ನ್ಯಾನೋಮೀಟರಿನ ತರಂಗಾಂತರದಲ್ಲಿ ಸ್ಥಿರವಾಗಿಟ್ಟು, ಇನ್ನೊಂದನ್ನು ೮೧೭ಕ್ಕೆ ತಿರುಗಿಸಿದರೆ ಕೊಬ್ಬು ಉತ್ತರ ಕೊಡುತ್ತದೆ. ೮೧೧ಕ್ಕೆ ತಿರುಗಿಸಿದರೆ ಪ್ರೋಟೀನು ಉತ್ತರ ಕೊಡುತ್ತದೆ. ಆರೇ ನ್ಯಾನೋಮೀಟರಿನ ಅಂತರದಲ್ಲಿ ಜೀವಕೋಶದ ಬೇರೆಯೇ ಒಂದು ಚಿತ್ರ!

ಮೂರನೆಯದಾಗಿ, ಎರಡು ಬಣ್ಣದ ಹನಿಗಳೂ ಒಂದೇ ಬಿಂದುವಿಗೆ, ಒಂದೇ ಕ್ಷಣಕ್ಕೆ ಬಂದು ಬೀಳಬೇಕು. ದಾರಿಯ ಕನ್ನಡಿಯೊಂದು ಅರ್ಧ ಮಿಲಿಮೀಟರು ಸರಿದರೂ ಒಂದು ಹನಿ ಮುಂದಾಗಿ ಇನ್ನೊಂದು ಹಿಂದಾಗಿ, ತಾಳ ಕೆಟ್ಟು, ಚಿತ್ರ ಆರಿಹೋಗುತ್ತದೆ.

ಸಂತೆಯ ಗದ್ದಲದಲ್ಲಿ

ನಾಲ್ಕನೆಯ ಗುಣ ಎಲ್ಲಕ್ಕಿಂತ ಕಠಿನವಾದದ್ದು, ಅದು ಮೌನ. ೧೯೯೯ರ ಮಾರ್ಗದಲ್ಲಿ ಒಂದು ಕೊರತೆಯಿತ್ತು. ಬೇಕಾದ ಅಣುಗಳಲ್ಲದೆ ಸುತ್ತಲಿನ ನೀರು ಮುಂತಾದವೂ ಅದೇ ಮೂರನೆಯ ಬಣ್ಣವನ್ನು ಮಸುಕಾಗಿ ಸೂಸಿ ಚಿತ್ರವನ್ನು ಕದಡುತ್ತಿದ್ದವು. ೨೦೦೮ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಷಿಯೆ ಅವರ ಬಳಗದ ಕ್ರಿಸ್ಟಿಯನ್ ಫ್ರಾಯ್ಡಿಗರ್ ಮತ್ತು ಸಂಗಡಿಗರು ಮೂರನೆಯ ಬಣ್ಣವನ್ನು ಬಿಟ್ಟು, ಮೊದಲಿನ ಎರಡರಲ್ಲಿ ಒಂದು ಎಷ್ಟು ಸೊರಗಿತೆಂಬುದನ್ನೇ ಅಳೆದು ಚಿತ್ರ ಬರೆಯುವ ಕ್ರಮವನ್ನು ಪ್ರಕಟಿಸಿದರು. ಚಿತ್ರ ನಿಚ್ಚಳವಾಯಿತು. ಚರ್ಮದೊಳಗೆ ಔಷಧ ಇಳಿಯುವ ದಾರಿಯನ್ನು ಅವರು ಯಾವ ಚೀಟಿಯನ್ನೂ ಅಂಟಿಸದೆ ತೋರಿಸಿದರು.

ಆದರೆ ಆ ಸೊರಗುವಿಕೆಯ ಪ್ರಮಾಣವೆಷ್ಟು? ಹತ್ತು ಸಾವಿರದಲ್ಲಿ ಒಂದು ಪಾಲು, ಕೆಲವೆಡೆ ಹತ್ತು ಲಕ್ಷದಲ್ಲಿ ಒಂದು. ಲೇಸರ್ ತಾನಾಗಿಯೇ ಅದಕ್ಕಿಂತ ಹೆಚ್ಚಾಗಿ ಏರಿಳಿಯುತ್ತಿರುತ್ತದೆ. ಸಂತೆಯ ಗದ್ದಲದ ನಡುವೆ ದೂರದಲ್ಲಿ ಒಬ್ಬನು ಮೆಲ್ಲಗೆ ತಾಳ ಹಾಕುತ್ತಿದ್ದರೆ ಅದನ್ನು ಕೇಳಿಸಿಕೊಳ್ಳುವ ಬಗೆ ಹೇಗೆ? ತಾಳದ ಗತಿ ಮೊದಲೇ ಗೊತ್ತಿದ್ದರೆ ಕಿವಿ ಅದನ್ನು ಹುಡುಕಿ ಹಿಡಿಯುತ್ತದೆ. ಅಂತೆಯೇ ಎರಡನೆಯ ಕಿರಣವನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹಚ್ಚಿ ಆರಿಸಿ, ಮೊದಲನೆಯ ಕಿರಣದಲ್ಲಿ ಅದೇ ಗತಿಯಲ್ಲಿ ನಡೆಯುವ ಏರಿಳಿತವನ್ನು ಮಾತ್ರ ಆರಿಸಿಕೊಂಡರು. ಲೇಸರಿನ ಸ್ವಂತ ಗದ್ದಲ ಬಹುಮಟ್ಟಿಗೆ ನಿಧಾನಗತಿಯದು. ಅದು ಹಿಂದೆ ಉಳಿಯಿತು.

ಇಷ್ಟೆಲ್ಲ ಸಾಧಿಸಿದ ಯಂತ್ರ ಇದ್ದುದಾದರೂ ಎಲ್ಲಿ? ಅದುರದಂತೆ ನಿಲ್ಲಿಸಿದ ಭಾರವಾದ ಉಕ್ಕಿನ ಮೇಜಿನ ಮೇಲೆ, ಶಾಖ ಹೆಚ್ಚುಕಡಿಮೆಯಾಗದ ಕತ್ತಲೆ ಕೋಣೆಯಲ್ಲಿ, ಕನ್ನಡಿಗಳನ್ನು ಸದಾ ಹೊಂದಿಸಬಲ್ಲ ನಿಪುಣರ ಆರೈಕೆಯಲ್ಲಿ. ರೋಗಿಯ ತಲೆ ತೆರೆದಿರುವ ಕೊಠಡಿಗೂ ಆ ಕತ್ತಲೆ ಕೋಣೆಗೂ ದಾರಿಯಿರಲಿಲ್ಲ.

ಗಾಜಿನ ಎಳೆಯೊಳಗೆ

ದಾರಿ ತೋರಿಸಿದ್ದು ದೂರವಾಣಿ. ಸಮುದ್ರದಡಿಯ ಗಾಜಿನ ಎಳೆಗಳಲ್ಲಿ ಮಾತನ್ನು ಹೊತ್ತೊಯ್ಯುವ ಬೆಳಕು ದೂರ ಸಾಗಿದಂತೆ ಕುಗ್ಗುತ್ತಿತ್ತು. ೧೯೮೭ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ ಡೇವಿಡ್ ಪೇನ್ ಅವರ ಬಳಗ, ಎರ್ಬಿಯಮ್ ಎಂಬ ಲೋಹವನ್ನು ಅತ್ಯಲ್ಪವಾಗಿ ಬೆರೆಸಿದ ಗಾಜಿನ ಎಳೆ ಬೆಳಕನ್ನು ಹಾದಿಯಲ್ಲೇ ಪುಷ್ಟಿಗೊಳಿಸುತ್ತದೆಂದು ತೋರಿಸಿತು. ಇಂಥ ಎಳೆಯಿಂದಲೇ ಲೇಸರುಗಳನ್ನೂ ಕಟ್ಟಬಹುದು. ಬೆಳಕು ಕನ್ನಡಿಯಿಂದ ಕನ್ನಡಿಗೆ ನೆಗೆಯದೆ ಕೊಳವೆಯ ನೀರಿನಂತೆ ಎಳೆಯೊಳಗೇ ಹರಿಯುವುದರಿಂದ, ಯಂತ್ರವನ್ನು ಗಾಲಿಗಳ ಮೇಲೆ ಉರುಳಿಸಿಕೊಂಡು ಹೋದರೂ ಕಿರಣ ದಾರಿ ತಪ್ಪದು.

ಎರಡು ಬಣ್ಣಗಳನ್ನೂ ಒಂದೇ ಬೀಜದಿಂದ ಬೆಳೆಸುವ ಉಪಾಯವೂ ದೊರೆಯಿತು. ಎರ್ಬಿಯಮ್ ಎಳೆಯ ಲೇಸರು ಕೊಡುವ ಬೆಳಕಿನ ಒಂದು ಪಾಲನ್ನು ಹರಳೊಂದರಲ್ಲಿ ಹಾಯಿಸಿ, ಅದರ ಕಂಪನವನ್ನು ಇಮ್ಮಡಿಗೊಳಿಸಿ ಸುಮಾರು ೭೯೦ ನ್ಯಾನೋಮೀಟರಿನ ಬಣ್ಣವನ್ನು ಪಡೆದರು. ಇನ್ನೊಂದು ಪಾಲನ್ನು ವಿಶೇಷವಾದ ಎಳೆಯಲ್ಲಿ ಬಣ್ಣ ಬದಲಿಸಿ, ಯಟರ್ಬಿಯಮ್ ಎಂಬ ಲೋಹ ಬೆರೆತ ಎಳೆಯಲ್ಲಿ ಬೆಳೆಸಿ, ಸಾವಿರ ನ್ಯಾನೋಮೀಟರಿಗಿಂತ ತುಸು ಹೆಚ್ಚಿನ ಬಣ್ಣವನ್ನಾಗಿ ಮಾಡಿದರು. ಒಂದೇ ತಾಯಿಯ ಮಕ್ಕಳಾದ್ದರಿಂದ ಎರಡು ಹನಿಗಳ ತಾಳ ತಾನಾಗಿಯೇ ಕೂಡಿಬಂದಿತು.

ಆದರೆ ಗಾಜಿನ ಎಳೆಯ ಲೇಸರು ಬಲು ಗದ್ದಲದ್ದು. ಹರಳಿನ ಲೇಸರಿನಲ್ಲಿ ಫಲಿಸಿದ ತಾಳದ ಯುಕ್ತಿಯೊಂದೇ ಇಲ್ಲಿ ಸಾಲದಾಯಿತು. ಇದಕ್ಕೆ ಕಂಡುಕೊಂಡ ಪರಿಹಾರ ತಕ್ಕಡಿಯದು. ಕಿರಣ ಚೂರನ್ನು ಹೊಗುವ ಮೊದಲೇ ಅದರ ಒಂದು ಪಾಲನ್ನು ಬೇರೆ ತೆಗೆದಿಡುವುದು. ಚೂರನ್ನು ಹಾದುಬಂದ ಪಾಲಿನೊಡನೆ ಅದನ್ನು ತೂಗಿ ನೋಡುವುದು. ಲೇಸರಿನ ಸ್ವಂತ ಏರಿಳಿತ ಎರಡು ತಟ್ಟೆಗಳಲ್ಲಿಯೂ ಸಮನಾಗಿರುವುದರಿಂದ ಅದು ಕಳೆದುಹೋಗುತ್ತದೆ. ಅಣುಗಳು ಮಾಡಿದ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಈ ಬಗೆಯ ಎಳೆ–ಲೇಸರಿನ ಸೂಕ್ಷ್ಮದರ್ಶಕವನ್ನು ಫ್ರಾಯ್ಡಿಗರ್ ಮತ್ತು ಸಂಗಡಿಗರು ೨೦೧೪ರಲ್ಲಿ ಪ್ರಕಟಿಸಿದರು. ಉಕ್ಕಿನ ಮೇಜು, ಕತ್ತಲೆ ಕೋಣೆಗಳ ಹಂಗು ತೀರಿತು.

ಮೇಜಿನ ಬಳಿಗೆ

೨೦೧೭ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ಡೇನಿಯಲ್ ಆರಿಂಜರ್ ಮತ್ತು ಸಂಗಡಿಗರು ೧೦೧ ಮಂದಿ ರೋಗಿಗಳ ಚೂರುಗಳನ್ನು ಈ ಯಂತ್ರದಿಂದ ಪರೀಕ್ಷಿಸಿದ ವಿವರವನ್ನು ಬೆಳಕಿಗೆ ತಂದರು. ಚೂರನ್ನು ಹೆಪ್ಪುಗಟ್ಟಿಸುವುದಿಲ್ಲ, ಸೀಳುವುದಿಲ್ಲ, ಬಣ್ಣದಲ್ಲಿ ಅದ್ದುವುದಿಲ್ಲ. ಎರಡು ಗಾಜುಗಳ ನಡುವೆ ಒತ್ತಿ ಯಂತ್ರದೊಳಗೆ ಇಡುವುದಷ್ಟೆ. ಕೊಬ್ಬು ಹೆಚ್ಚಾಗಿರುವ ನರತಂತುಗಳ ಹೊದಿಕೆ ಒಂದು ಸ್ವರದಲ್ಲಿ ಹೊಳೆಯುತ್ತದೆ. ಪ್ರೋಟೀನು ಹೆಚ್ಚಾಗಿರುವ ಕೋಶಕೇಂದ್ರ ಇನ್ನೊಂದು ಸ್ವರದಲ್ಲಿ ಎದ್ದು ಕಾಣುತ್ತದೆ. ಇಲ್ಲೊಂದು ವಿನೋದವುಂಟು. ಹೀಗೆ ಬಣ್ಣದ ಹಂಗಿಲ್ಲದೆ ದೊರೆತ ಚಿತ್ರಕ್ಕೆ ಗಣಕಯಂತ್ರ ಕಡೆಯಲ್ಲಿ ಹಳೆಯ ನೇರಿಳೆ–ಗುಲಾಬಿಗಳನ್ನೇ ಬಳಿದು ತೋರಿಸುತ್ತದೆ. ಯಂತ್ರಕ್ಕೆ ಬಣ್ಣ ಬೇಡ; ತಲೆಮಾರುಗಳಿಂದ ಅದೇ ಲಿಪಿಯನ್ನು ಓದಿ ಪಳಗಿದ ವೈದ್ಯರ ಕಣ್ಣಿಗೆ ಬೇಕು.

೨೦೨೦ರಲ್ಲಿ ಟಾಡ್ ಹಾಲನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಪ್ಪತ್ತೈದು ಲಕ್ಷಕ್ಕೂ ಮಿಕ್ಕ ಚಿತ್ರಗಳಿಂದ ಪಳಗಿಸಿದ ಗಣಕಯಂತ್ರಕ್ಕೆ ೨೭೮ ರೋಗಿಗಳ ಚೂರುಗಳ ಚಿತ್ರಗಳನ್ನು ಓದಲು ಕೊಟ್ಟರು. ಅದೇ ರೋಗಿಗಳ ಬೇರೆ ಚೂರುಗಳನ್ನು ಪೆಥಾಲಜಿ ತಜ್ಞರು ವಾಡಿಕೆಯ ಕ್ರಮದಲ್ಲಿ ನೋಡಿದರು. ಯಂತ್ರದ ಉತ್ತರ ನೂರರಲ್ಲಿ ೯೪.೬ ಪಾಲು ಸರಿ, ತಜ್ಞರದು ೯೩.೯. ತೂಕದಲ್ಲಿ ಹೆಚ್ಚು ಕಡಿಮೆಯಿಲ್ಲ. ಆದರೆ ಯಂತ್ರ ಎರಡೂವರೆ ನಿಮಿಷದೊಳಗೆ ಉತ್ತರ ಕೊಟ್ಟಿತು. ಇನ್ನೂ ಮುಖ್ಯವಾದ ಮಾತೆಂದರೆ ಯಂತ್ರ ಎಡವಿದ ರೋಗಿಗಳಲ್ಲಿ ಮನುಷ್ಯ ಎಡವಿರಲಿಲ್ಲ. ಮನುಷ್ಯ ಎಡವಿದಲ್ಲಿ ಯಂತ್ರ ಎಡವಿರಲಿಲ್ಲ. ಇಬ್ಬರೂ ಕೂಡಿ ನೋಡಿದರೆ ರೋಗಿಗೆ ಕ್ಷೇಮವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಗಡ್ಡೆಯ ಅಂಚಿನ ಪ್ರಶ್ನೆ ಉಳಿದಿತ್ತು. ೨೦೨೪ರಲ್ಲಿ ಮಿಷಿಗನ್ ಮತ್ತು ಕ್ಯಾಲಿಫೋರ್ನಿಯದ ವೈದ್ಯರು, ೨೨೦ ರೋಗಿಗಳಲ್ಲಿ ಗಡ್ಡೆ ತೆಗೆದ ಜಾಗದ ಅಂಚಿನ ಚೂರುಗಳನ್ನು ಇದೇ ಬೆಳಕಿನಿಂದ ನೋಡಿದರು. ಅಪಾಯಕರವಾದ ಗಡ್ಡೆಯ ಶೇಷ ಕಣ್ತಪ್ಪಿ ಉಳಿದುಹೋಗುವುದು ವಾಡಿಕೆಯ ಉಪಾಯಗಳಲ್ಲಿ ನೂರಕ್ಕೆ ಸುಮಾರು ಇಪ್ಪತ್ತೈದಾದರೆ, ಈ ಕ್ರಮದಲ್ಲಿ ಅದು ನಾಲ್ಕರ ಒಳಗೆ ನಿಂತಿತು.

ಬೆಳಕಿನ ಮಿತಿ

ಇದನ್ನು ಸರ್ವರೋಗನಿವಾರಿಣಿಯೆಂದು ತಿಳಿಯಲಾಗದು. ಈ ಬೆಳಕು ಅಂಗಾಂಶದೊಳಗೆ ಮಿಲಿಮೀಟರಿನ ಒಂದಂಶವಷ್ಟೇ ನಿಚ್ಚಳವಾಗಿ ಇಳಿಯಬಲ್ಲುದು. ಆದ್ದರಿಂದ ಚೂರನ್ನು ತೆಗೆದೇ ನೋಡಬೇಕು. ಕೊಬ್ಬು, ಪ್ರೋಟೀನು, ನೀರುಗಳಂತೆ ಹೇರಳವಾಗಿ ನೆರೆದ ಅಣುಗಳನ್ನು ಅದು ಚೆನ್ನಾಗಿ ಗುರುತಿಸುತ್ತದೆ, ವಿರಳವಾದುವನ್ನು ಕಾಣಲಾರದು. ಅಲ್ಲಿ ಮಿನುಗುವ ಬಣ್ಣಗಳಿಗೆ ಈಗಲೂ ಸಾಟಿಯಿಲ್ಲ. ಅದಲ್ಲದೆ ಎಲ್ಲ ಆಸ್ಪತ್ರೆಗಳಲ್ಲಿಯೂ ದೊರೆಯುವ ಅಗ್ಗದ ಉಪಕರಣವೂ ಇದಲ್ಲ. ಕೊನೆಯ ತೀರ್ಮಾನ ವೈದ್ಯರದೇ.

ಆದರೂ ಮೊದಲಿನ ಆ ಕೊಠಡಿಯನ್ನು ಮತ್ತೊಮ್ಮೆ ನೆನೆಯಬಹುದು. ದೀಪಗಳು ಹಾಗೆಯೇ ಉರಿಯುತ್ತಿವೆ. ಚೂರು ಈ ಸಲ ದೂರದ ಪ್ರಯೋಗಶಾಲೆಗೆ ಹೋಗಿಲ್ಲ. ಮೂಲೆಯಲ್ಲಿ ಗಾಲಿಗಳ ಮೇಲೆ ನಿಂತ ಪೆಟ್ಟಿಗೆಯೊಳಗೆ ಹೋಗಿದೆ. ಕಣ್ಣಿಗೆ ಕಾಣದ ಎರಡು ಬಣ್ಣಗಳು ಅಲ್ಲಿ ಜೊತೆಗೂಡಿ, ೧೯೨೮ರಲ್ಲಿ ಕಲ್ಕತ್ತೆಯ ಬಿಸಿಲು ಅಣುಗಳನ್ನು ಕೇಳಿದ ಪ್ರಶ್ನೆಯನ್ನೇ ಕೇಳುತ್ತಿವೆ. ಅಂದು ಉತ್ತರಕ್ಕೆ ಗಂಟೆಗಟ್ಟಲೆ, ದಿನಗಟ್ಟಲೆ ಕಾಯಬೇಕಾಗಿತ್ತು. ಇಂದು ಎರಡೂವರೆ ನಿಮಿಷ ತುಂಬುವ ಮೊದಲೇ ಶಸ್ತ್ರವೈದ್ಯರು ತಲೆಯೆತ್ತಿ ತೆರೆಯ ಮೇಲಿನ ಚಿತ್ರವನ್ನು ನೋಡಿ, ಕೈಯಲ್ಲಿ ಮತ್ತೆ ಶಸ್ತ್ರವನ್ನು ಹಿಡಿಯುತ್ತಾರೆ. ಹೊರಗೆ, ಮುಚ್ಚಿದ ಬಾಗಿಲನ್ನೇ ನೋಡುತ್ತ ಬೆಂಚಿನ ಮೇಲೆ ಕುಳಿತ ಮನೆಯವರಿಗೆ ಇದಾವುದೂ ತಿಳಿಯದು. ಒಳಗಿನಿಂದ ಬರುವವನು ತಮ್ಮನ್ನು ಹೆಸರು ಹಿಡಿದು ಮಾತನಾಡಿಸಿದರೆ ಸಾಕೆಂದು ಅವರು ಕಾದಿರುತ್ತಾರೆ.